ಗಾಯ ಮಾಯ್ದ ಮೇಲಿನ ಹದಿನೆಂಟು ತಿಂಗಳು

ಮಾನ್ಯ ಸಂಪಾದಕರೆ,

ಸ್ಟವ್ ಸಿಡಿದು ಸೀರೆಗೆ ಬೆಂಕಿ ಹತ್ತಿದ್ದು, ಸ್ನಾನಕ್ಕೆ ಕಾಯಿಸಿದ ನೀರು ಮಗುವಿನ ಮೇಲೆ ಚೆಲ್ಲಿದ್ದು, ಬಾಣಂತಿ ಕೋಣೆಯ ಕೆಂಡ ಹೊರಸಿಗೆ ತಗುಲಿದ್ದು, ಪಂಪ್‌ಸೆಟ್ ಬಳಿ ಕರೆಂಟ್ ಹೊಡೆದದ್ದು. ಇಂಥ ಸುದ್ದಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಪುಟಗಳಲ್ಲಿ ಆಗಾಗ ಬರುತ್ತದೆ. ಬದುಕುಳಿದವರ ಸುದ್ದಿ ‘ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ’ ಎಂಬಲ್ಲಿಗೆ ನಿಲ್ಲುತ್ತದೆ. ಎಷ್ಟೋ ಬಿಡುಗಡೆ ಚೀಟಿಗಳೂ ‘ಗಾಯ ಮಾಯ್ದಿದೆ’ ಎಂಬ ಒಂದೇ ಸಾಲಿಗೆ ಮುಗಿಯುತ್ತವೆ. ಆಳವಾಗಿ ಸುಟ್ಟ ಚರ್ಮ ಕಾಡಲು ಶುರು ಮಾಡುವುದೇ ಗಾಯ ಮುಚ್ಚಿದ ಮೇಲೆ. ಆ ಕೈ ಮತ್ತೆ ರೊಟ್ಟಿ ಬಡಿಯುತ್ತದೋ ಇಲ್ಲವೋ, ಆ ಕತ್ತು ಮತ್ತೆ ಎತ್ತಿ ಆಕಾಶ ನೋಡುತ್ತದೋ ಇಲ್ಲವೋ ಎಂಬುದು ಮುಂದಿನ ಹದಿನೆಂಟು ತಿಂಗಳಲ್ಲಿ ತೀರ್ಮಾನವಾಗುತ್ತದೆ. ಇದನ್ನು ರೋಗಿಗಳ ಮನೆಯವರಿಗೂ, ಅವರನ್ನು ಮನೆಗೆ ಕಳಿಸುವ ಆಸ್ಪತ್ರೆಗಳಿಗೂ ಬಿಡಿಸಿ ಹೇಳಬೇಕೆಂದೇ ಈ ಪತ್ರ.

ಸುಟ್ಟ ಗಾಯ ಎರಡು ವಾರದೊಳಗೆ ತಾನಾಗಿ ಮಾಯ್ದರೆ ಸಾಮಾನ್ಯವಾಗಿ ಬಣ್ಣ ಬದಲಾಗುವುದಷ್ಟೇ, ಗಟ್ಟಿ ಕಲೆ ಉಳಿಯುವುದು ಅಪರೂಪ. ಮೂರು ವಾರ, ಅಂದರೆ 21 ದಿನ ದಾಟಿಯೂ ಹಸಿಯಾಗಿಯೇ ಇದ್ದರೆ ಉಬ್ಬಿದ, ಬಿಗಿಯುವ ಕಲೆ ಬರುವುದು ಬಹುತೇಕ ಖಚಿತ. ಹಾಗಾಗಿ ಮೂರು ವಾರದಲ್ಲಿ ಮಾಯುವ ಲಕ್ಷಣವಿಲ್ಲದ ಗಾಯಕ್ಕೆ ತಿಂಗಳುಗಟ್ಟಲೆ ಬರೀ ಡ್ರೆಸ್ಸಿಂಗ್ ಮಾಡುತ್ತ ಕೂರಬಾರದು. ಅದನ್ನು ಬೇಗ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ ಚರ್ಮದ ಕಸಿ ಮಾಡಿಸಬೇಕು. ಎರಡು ತಿಂಗಳು ಡ್ರೆಸ್ಸಿಂಗ್‌ನಲ್ಲೇ ಕಳೆದು ಅಂತೂ ಇಂತೂ ಒಣಗಿದ ಗಾಯವನ್ನು ‘ಆಪರೇಷನ್ ಇಲ್ಲದೆ ವಾಸಿಯಾಯಿತು’ ಎಂದು ಸಂತೋಷಪಡುವವರಿದ್ದಾರೆ. ಅದೇ ಜಾಗ ಆರು ತಿಂಗಳಿಗೆ ಹಗ್ಗದಂತೆ ಎದ್ದು ಕೂರುತ್ತದೆ.

ಕಲೆಯ ಸ್ವಭಾವವೇ ಮೋಸದ್ದು. ಮನೆಗೆ ಹೋಗುವ ದಿನ ಅದು ಚಪ್ಪಟೆಯಾಗಿ, ಮೃದುವಾಗಿ, ಗುಲಾಬಿ ಬಣ್ಣದಲ್ಲಿರುತ್ತದೆ. ಒಂದೆರಡು ತಿಂಗಳಿಗೆ ಕೆಂಪೇರಿ, ಉಬ್ಬಿ, ಕಲ್ಲಿನಂತೆ ಗಟ್ಟಿಯಾಗಿ, ನಿದ್ದೆಗೆಡಿಸುವಷ್ಟು ತುರಿಸತೊಡಗುತ್ತದೆ. ಸುಮಾರು ಆರು ತಿಂಗಳವರೆಗೆ ಏರುತ್ತ ಹೋಗಿ, ಆಮೇಲೆ ನಿಧಾನವಾಗಿ ಇಳಿದು, ಒಂದರಿಂದ ಎರಡು ವರ್ಷದಲ್ಲಿ ಮಾಗುತ್ತದೆ. ಮಾಗಿದ ಕಲೆ ಬಿಳಿಚಿಕೊಂಡು ಮೆತ್ತಗಾಗಿರುತ್ತದೆ, ತುರಿಕೆ ಇಳಿದಿರುತ್ತದೆ. ಮಾಗುವ ಮೊದಲು ಅದರೊಳಗಿನ ಜೀವಕೋಶಗಳಿಗೆ ಸ್ನಾಯುವಿನ ಗುಣ ಇರುತ್ತದೆ. ಅವು ಹಗಲು ರಾತ್ರಿ ಒಳಕ್ಕೆ ಎಳೆಯುತ್ತಲೇ ಇರುತ್ತವೆ. ಬೆನ್ನಿನ ನಡುವೆ, ತೊಡೆಯ ಮೇಲೆ ಎಳೆದರೆ ಅಷ್ಟು ತೊಂದರೆಯಿಲ್ಲ. ಕೀಲಿನ ಮೇಲೆ ಎಳೆದರೆ ಕೀಲೇ ಮಡಚಿಕೊಳ್ಳುತ್ತದೆ. ಇದನ್ನೇ ಕಾಂಟ್ರಾಕ್ಚರ್ ಎನ್ನುತ್ತಾರೆ. ನಮ್ಮ ಕಡೆ ಜನ ‘ಸೆಟೆದುಕೊಂಡಿದೆ’, ‘ಮುದುಡಿದೆ’ ಎನ್ನುತ್ತಾರೆ.

ನೋವಿದ್ದಾಗ ಮೈ ಯಾವ ಭಂಗಿಯಲ್ಲಿ ಹಾಯಾಗಿರುತ್ತದೋ ಆ ಭಂಗಿಯಲ್ಲೇ ಸೆಟೆಯುತ್ತದೆ. ಮನೆಯವರು ತಿಳಿದಿರಬೇಕಾದ ಮುಖ್ಯ ಸಂಗತಿ ಇದೇ. ಕತ್ತಿನ ಮುಂಭಾಗ ಸುಟ್ಟವರಿಗೆ ತಲೆ ಮುಂದಕ್ಕೆ ಬಾಗಿಸಿದರೆ ಹಿತ. ಅಮ್ಮನೋ ಅತ್ತೆಯೋ ಕರುಣೆಯಿಂದ ಎರಡು ದಿಂಬು ಕೊಡುತ್ತಾರೆ. ಆ ದಿಂಬಿನಿಂದಲೇ ಗದ್ದ ಎದೆಗೆ ಅಂಟುತ್ತದೆ. ಕತ್ತು ಸುಟ್ಟವರಿಗೆ ದಿಂಬು ಬೇಡವೇ ಬೇಡ. ಒಂದು ಕೌದಿಯನ್ನು ಬಿಗಿಯಾಗಿ ಸುರುಳಿ ಸುತ್ತಿ ಭುಜಗಳ ಕೆಳಗಿಟ್ಟರೆ ತಲೆ ಹಿಂದಕ್ಕೆ ಇಳಿದು ಕತ್ತಿನ ಚರ್ಮ ಹಿಗ್ಗಿರುತ್ತದೆ. ಕಂಕುಳು ಸುಟ್ಟಿದ್ದರೆ ತೋಳು ಮೈಗೆ ಅಂಟಿರಬಾರದು. 90 ಡಿಗ್ರಿ ಅಗಲಕ್ಕೆ ಚಾಚಿ ಕೆಳಗೆ ದಿಂಬು ಕೊಡಬೇಕು (ದಿಂಬಿನ ಜಾಗ ಇದು). ಮೊಣಕೈ, ಮೊಣಕಾಲು ನೆಟ್ಟಗಿರಬೇಕು. ಮೊಣಕಾಲ ಕೆಳಗೆ ಬಟ್ಟೆ ಉಂಡೆ ಇಡುವ ಅಭ್ಯಾಸ ಬಿಡಬೇಕು. ಪಾದ ಕಾಲಿಗೆ 90 ಡಿಗ್ರಿ ಕೋನದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಹಿಮ್ಮಡಿ ಮೇಲೆದ್ದು ತುದಿಗಾಲಲ್ಲಿ ನಡೆಯುವಂತಾಗುತ್ತದೆ. ಈ ಭಂಗಿಗಳನ್ನು ಹಿಡಿದಿಡಲು ಪ್ಲಾಸ್ಟರ್ ಅಥವಾ ಬಿಸಿ ನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್‌ನ ಸ್ಪ್ಲಿಂಟ್ ಮಾಡಿಕೊಡುತ್ತಾರೆ. ರಾತ್ರಿಯಿಡೀ ಸ್ಪ್ಲಿಂಟ್, ಹಗಲು ವ್ಯಾಯಾಮ. ಸ್ಪ್ಲಿಂಟ್ ಕಟ್ಟಿ ವ್ಯಾಯಾಮ ಬಿಟ್ಟರೆ ಕೀಲು ಬಿಗಿಯುತ್ತದೆ, ವ್ಯಾಯಾಮ ಮಾಡಿ ರಾತ್ರಿ ಸ್ಪ್ಲಿಂಟ್ ಬಿಟ್ಟರೆ ಹಗಲು ಗಳಿಸಿದ್ದು ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ.

ಕೈಯ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಂಕಿ ಆರಿಸಲು ಹೋದವರಿಗೆ ಮೊದಲು ಸುಡುವುದು ಅಂಗೈಯ ಹಿಂಬದಿ. ಅಲ್ಲಿನ ಚರ್ಮ ತೆಳು, ಕೆಳಗೆ ಬೆರಳು ನೀಡುವ ನರಗಟ್ಟುಗಳು (ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿಗಳು). ಬಾವು ಬಂದಾಗ ಕೈ ತಾನಾಗಿ ಒಂದು ಆಕಾರಕ್ಕೆ ಬರುತ್ತದೆ: ಮಣಿಕಟ್ಟು ಕೆಳಕ್ಕೆ, ಬೆರಳಿನ ಬುಡದ ಗೆಣ್ಣು ಹಿಂದಕ್ಕೆ, ನಡು ಗೆಣ್ಣು ಒಳಕ್ಕೆ ಮಡಚಿ, ಹೆಬ್ಬೆರಳು ಅಂಗೈಗೆ ಒತ್ತಿ. ಹದ್ದಿನ ಉಗುರಿನಂತಹ ಈ ಕೈ ಏನನ್ನೂ ಹಿಡಿಯಲಾರದು. ಇದನ್ನು ತಡೆಯುವ ಸ್ಪ್ಲಿಂಟ್ ಇದಕ್ಕೆ ನೇರ ವಿರುದ್ಧ: ಮಣಿಕಟ್ಟು 20ರಿಂದ 30 ಡಿಗ್ರಿ ಮೇಲಕ್ಕೆ, ಬುಡದ ಗೆಣ್ಣು 70ರಿಂದ 90 ಡಿಗ್ರಿ ಮಡಚಿ, ಮುಂದಿನ ಗೆಣ್ಣುಗಳು ನೆಟ್ಟಗೆ, ಹೆಬ್ಬೆರಳು ದೂರ. ಬೆರಳು ಬೆರಳಿನ ನಡುವೆ ಬಟ್ಟೆ ಇಟ್ಟು ಒಂದೊಂದನ್ನೂ ಬೇರೆ ಬೇರೆ ಸುತ್ತಬೇಕು. ಐದೂ ಬೆರಳು ಸೇರಿಸಿ ಉಂಡೆ ಕಟ್ಟಿದರೆ ಹಸಿ ಮೈಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಂದು ತಿಂಗಳು ತಪ್ಪು ಆಕಾರದಲ್ಲಿ ಇದ್ದರೆ ಚರ್ಮದ ಜೊತೆ ಗೆಣ್ಣಿನ ಕಟ್ಟುಗಳೂ ಕುಗ್ಗುತ್ತವೆ, ಆಮೇಲೆ ಚರ್ಮವೊಂದನ್ನೇ ಬಿಡಿಸಿದರೆ ಸಾಲದು. ಕೈ ಸರಿಯಾಗಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗೈಯನ್ನು ಕಟ್ಟೆಯ ಮೇಲೆ ಇಟ್ಟಾಗ ಪೂರ್ತಿ ಚಪ್ಪಟೆಯಾಗಬೇಕು. ಜೋಳದ ರೊಟ್ಟಿ ಬಡಿಯಲು ಬೇಕಾಗುವುದೂ ಇದೇ ಚಪ್ಪಟೆ ಕೈ. ಹಾಗೆಯೇ, ಮುಷ್ಟಿ ಕಟ್ಟಿದಾಗ ಬೆರಳ ತುದಿಗಳು ಅಂಗೈ ಮುಟ್ಟಬೇಕು. ಚರಿಗಿ ಎತ್ತಿ ಕಚ್ಚದೆ ನೀರು ಕುಡಿಯಲು ಬಂದರೆ ಕತ್ತು ಸರಿಯಿದೆ. ತಲೆ ಬಾಚಿ ಜಡೆ ಹಾಕಿಕೊಳ್ಳಲು ಆದರೆ ಕಂಕುಳು ಸರಿಯಿದೆ. ವಾರಕ್ಕೊಮ್ಮೆ ಇಷ್ಟು ನೋಡಿ, ಹೋದ ವಾರ ಆಗುತ್ತಿದ್ದದ್ದು ಈ ವಾರ ಆಗದಿದ್ದರೆ ಅವತ್ತೇ ದವಾಖಾನೆಗೆ ಹೊರಡಬೇಕು.

ಉಬ್ಬುವ ಕಲೆಯನ್ನು ಅದುಮಿಡಲು ಒತ್ತಡದ ಉಡುಪು ಕೊಡುತ್ತಾರೆ. ಅಳತೆ ತೆಗೆದು ಹೊಲಿದ ಹಿಗ್ಗುವ ಬಟ್ಟೆ ಇದು. ಚರ್ಮದ ಮೇಲೆ ಪಾದರಸದ ಸುಮಾರು 25 ಮಿಲಿಮೀಟರ್‌ನಷ್ಟು ಒತ್ತಡ ಇರಬೇಕು. ದಿನಕ್ಕೆ 23 ಗಂಟೆ ಧರಿಸಿ, ಸ್ನಾನಕ್ಕೂ ಮಾಲೀಸಿಗೂ ಮಾತ್ರ ತೆಗೆಯಬೇಕು. ಎರಡು ಜೊತೆ ಬೇಕು, ಒಂದನ್ನು ಒಗೆದಾಗ ಇನ್ನೊಂದು ತೊಡಲು. ಎರಡು ಮೂರು ತಿಂಗಳಿಗೆ ಅದರ ಎಳೆತ ಸತ್ತುಹೋಗುತ್ತದೆ, ಬದಲಿಸಬೇಕು. ಬೆಳೆಯುವ ಮಕ್ಕಳಿಗೆ ಇನ್ನೂ ಬೇಗ. ಸಡಿಲವಾದ ಉಡುಪನ್ನು ವರ್ಷವಿಡೀ ತೊಟ್ಟವರು ಸೆಖೆಯನ್ನಷ್ಟೇ ಅನುಭವಿಸಿದಂತೆ. ಸಿಲಿಕೋನ್ ಜೆಲ್ ಹಾಳೆ ಇನ್ನೊಂದು ಉಪಾಯ. ಗಾಯ ಪೂರ್ತಿ ಮುಚ್ಚಿದ ಮೇಲಷ್ಟೇ ಹಚ್ಚಬೇಕು, ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದೆ ಹಲವು ತಿಂಗಳು ಇರಬೇಕು, ದಿನಾ ತೊಳೆಯಬೇಕು. ಬೇಸಿಗೆಯಲ್ಲಿ ಅದರಡಿ ಬೆವರುಸಾಲೆ ಎದ್ದರೆ ಎರಡು ದಿನ ತೆಗೆದಿಟ್ಟು, ಆಮೇಲೆ ನಾಲ್ಕು ಗಂಟೆಯಿಂದ ಶುರು ಮಾಡಿ ಏರಿಸುತ್ತ ಹೋದರೆ ಆಯಿತು. ಮಾಲೀಸು ಎಲ್ಲರ ಕೈಗೂ ಎಟಕುವ ಚಿಕಿತ್ಸೆ. ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ, ಕಲೆ ಬಿಳಿಚಿಕೊಳ್ಳುವಷ್ಟು ಒತ್ತಿ, ಹೆಬ್ಬೆರಳಿನಿಂದ ಸುತ್ತು ತಿರುಗಿಸುತ್ತ, ದಿನಕ್ಕೆ ಮೂರು ನಾಲ್ಕು ಸಲ ಐದು ಹತ್ತು ನಿಮಿಷ. ಮೇಲೆ ಮೇಲೆ ಉಜ್ಜಿದರೆ ಹೊಸ ಚರ್ಮ ಗುಳ್ಳೆ ಎದ್ದು ಒಡೆಯುತ್ತದೆ. ಗುಳ್ಳೆ ಬಂದ ಜಾಗವನ್ನು ಒಣಗುವ ತನಕ ಬಿಡಬೇಕು. ತುರಿಕೆಗೆ ಬರೀ ಎಣ್ಣೆ ಸಾಲದಿದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ, ಕೇಳಿ ಪಡೆಯಿರಿ. ರಾತ್ರಿ ನಿದ್ದೆಗಣ್ಣಲ್ಲಿ ಕೆರೆದುಕೊಂಡ ಗಾಯವೇ ಎಷ್ಟೋ ಸಲ ಹೊಸ ಹುಣ್ಣಾಗುತ್ತದೆ.

ನಮ್ಮ ಬಿಸಿಲಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಪೂರ್ತಿ ಆಳಕ್ಕೆ ಸುಟ್ಟ ಜಾಗದಲ್ಲಿ, ಕಸಿ ಮಾಡಿದ ತೆಳು ಚರ್ಮದಲ್ಲಿ ಬೆವರಿನ ಗ್ರಂಥಿಗಳು ಇರುವುದಿಲ್ಲ. ಎದೆ, ಬೆನ್ನು, ಎರಡೂ ತೋಳು ಸುಟ್ಟವರ ಮೈಯ ದೊಡ್ಡ ಭಾಗ ಬೆವರುವುದೇ ಇಲ್ಲ. ಉಳಿದ ಭಾಗ ಧಾರಾಕಾರ ಬೆವರಿದರೂ ಮೈಯ ಕಾವು ಇಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿಗೆ ಏರುವ ಊರಲ್ಲಿ ಇಂಥವರು ನಡು ಮಧ್ಯಾಹ್ನ ಉದ್ಯೋಗ ಖಾತ್ರಿ ಕೆಲಸಕ್ಕೋ ಕಲ್ಲು ಗಣಿಗೋ ಹೋಗುವುದು ಜೀವಕ್ಕೇ ಅಪಾಯ. ಬೆಳಗಿನ ಜಾವದ ಕೆಲಸ, ನೆನೆಸಿದ ಹತ್ತಿ ಬಟ್ಟೆ, ಬಾಯಾರಿಕೆ ಕಾಯದೆ ನೀರು. ಕೆಲಸ ಕೊಡುವ ಮೇಸ್ತ್ರಿಗಳಿಗೆ ಇದು ಗೊತ್ತಿರಬೇಕು. ಹೊಸ ಕಲೆಗೆ ಬಿಸಿಲು ಬಿದ್ದರೆ ಕಪ್ಪಾಗಿ, ಆ ಕಪ್ಪು ವರ್ಷಗಟ್ಟಲೆ ಉಳಿಯುತ್ತದೆ. ತುಂಬು ತೋಳಿನ ಬಟ್ಟೆ, ತಲೆಗೆ ಟವೆಲ್ ಅಷ್ಟು ಇದ್ದರೂ ಸಾಕು.

ಇನ್ನು ಶಸ್ತ್ರಚಿಕಿತ್ಸೆ. ಸಾಮಾನ್ಯ ನಿಯಮವೆಂದರೆ ಕಲೆ ಮಾಗುವವರೆಗೆ, ಅಂದರೆ ಒಂದು ವರ್ಷದ ಆಸುಪಾಸು ಕಾಯುವುದು. ಕೆಂಪಾಗಿ ಉರಿಯುವ ಕಲೆಯನ್ನು ಕೊಯ್ದರೆ ಅದು ಮತ್ತಷ್ಟು ರೋಷದಿಂದ ಎದ್ದು ಬರುತ್ತದೆ. ಆದರೆ ಕಾಯಲೇಬಾರದ ಜಾಗಗಳಿವೆ, ಅವು ಗೊತ್ತಿಲ್ಲದೆ ಎಷ್ಟೋ ಕಣ್ಣುಗಳು ಹೋಗಿವೆ. ಮುಖ ಸುಟ್ಟಾಗ ಕಣ್ಣಿನ ರೆಪ್ಪೆ ಹೊರಕ್ಕೆ ಮಗುಚಿಕೊಳ್ಳುತ್ತದೆ. ನಿದ್ದೆಯಲ್ಲೂ ಕಣ್ಣು ಮುಚ್ಚುವುದಿಲ್ಲ, ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಒಣಗಿ ಹುಣ್ಣಾಗಿ ಬೆಳ್ಳಗಾಗುತ್ತದೆ. ಇದಕ್ಕೆ ಕಲೆ ಮಾಗುವ ತನಕ ಕಾಯುವ ಮಾತೇ ಇಲ್ಲ, ವಾರಗಳಲ್ಲೇ ರೆಪ್ಪೆ ಬಿಡಿಸಿ ಕಸಿ ಹಾಕಬೇಕು. ಅಲ್ಲಿಯ ತನಕ ಹಗಲು ಕೃತಕ ಕಣ್ಣೀರು, ರಾತ್ರಿ ಮುಲಾಮು. ಅನ್ನದ ತುತ್ತು ಹೋಗದಷ್ಟು ಕಿರಿದಾದ ಬಾಯಿ, ಎದೆಗೆ ಅಂಟಿದ ಗದ್ದ, ಮುದುಡುತ್ತಿರುವ ಕೈ, ಮಗುವಿನ ಯಾವುದೇ ಕೀಲು: ಇವಕ್ಕೂ ವರ್ಷ ತುಂಬಲೆಂದು ಕಾಯುವ ಅಗತ್ಯವಿಲ್ಲ.

ಯಾವ ಆಪರೇಷನ್ ಎಂಬುದು ಕಲೆಯ ಆಕಾರದ ಮೇಲೆ ಹೋಗುತ್ತದೆ. ತೆಳುವಾದ ಹಗ್ಗದಂತಹ ಬಿಗಿತ ಇದ್ದು, ಅಕ್ಕಪಕ್ಕ ಒಳ್ಳೆ ಚರ್ಮ ಸಡಿಲವಾಗಿದ್ದರೆ ಝೆಡ್ ಪ್ಲಾಸ್ಟಿ. ಹಗ್ಗದ ಉದ್ದಕ್ಕೆ ಒಂದು ಗೀರು, ಎರಡು ತುದಿಗೆ 60 ಡಿಗ್ರಿ ಕೋನದಲ್ಲಿ ಎರಡು ಗೀರು. ಉಂಟಾದ ಎರಡು ತ್ರಿಕೋನಗಳನ್ನು ಅದಲು ಬದಲು ಮಾಡಿ ಹೊಲಿದರೆ, ಲೆಕ್ಕದ ಪ್ರಕಾರ ಆ ಜಾಗ ಶೇ 75ರಷ್ಟು ಉದ್ದವಾಗುತ್ತದೆ. ಕೋನ 45 ಡಿಗ್ರಿಯಾದರೆ ಶೇ 50. ಹೊರಗಿನ ಚರ್ಮ ಬೇಕಿಲ್ಲ, ಆದರೆ ಅಕ್ಕಪಕ್ಕದ್ದೂ ಕಲೆಯೇ ಆಗಿದ್ದರೆ ತ್ರಿಕೋನಗಳ ತುದಿ ಕಪ್ಪಾಗಿ ಸಾಯುತ್ತದೆ. ಬಿಗಿತ ಹಗ್ಗದಂತಿರದೆ ಹಾಳೆಯಂತೆ ಅಗಲವಾಗಿದ್ದರೆ ಅಡ್ಡಲಾಗಿ ಕೊಯ್ದು, ಕೀಲಿನ ಎರಡೂ ಪಕ್ಕದ ನಡುಗೆರೆ ದಾಟುವ ತನಕ ಬಿಡಿಸಿ, ತೆರೆದ ಜಾಗಕ್ಕೆ ಬೇರೆ ಚರ್ಮ ತರಬೇಕು. ಆ ಗೆರೆಯವರೆಗೆ ಹೋಗದೆ ನಡುವೆಯೇ ನಿಲ್ಲಿಸಿದರೆ ಕೀಲು ಬೇಗ ಮರಳಿ ಸೆಟೆಯುತ್ತದೆ. ಕೊಯ್ದು ಬಿಡಿಸಿದಾಗ ತೆರೆದುಕೊಳ್ಳುವ ಗಾಯ ನೋಡಿ ಮನೆಯವರು ಗಾಬರಿಯಾಗುತ್ತಾರೆ, ಕತ್ತಿನಲ್ಲಿ ಎರಡು ಬೆರಳಗಲ ಕಾಣುತ್ತಿದ್ದ ಕಲೆಯ ಕೆಳಗೆ ಒಂದು ಅಂಗೈಗೂ ಮಿಕ್ಕಿ ಚರ್ಮದ ಕೊರತೆ ಇರುತ್ತದೆ.

ಆ ಕೊರತೆಗೆ ಚರ್ಮ ಸಾಮಾನ್ಯವಾಗಿ ತೊಡೆಯಿಂದ ಬರುತ್ತದೆ. ಮಿಲಿಮೀಟರಿನ ಮೂರನೇ ಒಂದರಷ್ಟು ತೆಳುವಾಗಿ ಸುಲಿದ ಪದರ, ಕೊಟ್ಟ ಜಾಗ ಎರಡು ವಾರದಲ್ಲಿ ತಾನೇ ಮಾಯುತ್ತದೆ. ತೆಳು ಕಸಿ ಹತ್ತುವುದು ಸುಲಭ, ಕುಗ್ಗುವುದೂ ಹೆಚ್ಚು. ರೆಪ್ಪೆ, ಬೆರಳು, ಅಂಗೈಗಳಿಗೆ ಕಿವಿಯ ಹಿಂದಿನಿಂದಲೋ ತೊಡೆಸಂದಿಯಿಂದಲೋ ಪೂರ್ತಿ ದಪ್ಪದ ಚರ್ಮ ತೆಗೆಯುತ್ತಾರೆ. ಅದು ಅಷ್ಟು ಕುಗ್ಗದು, ಆದರೆ ಸಿಗುವುದು ಸ್ವಲ್ಪವೇ. ಕಸಿ ಮೊದಲ ಎರಡು ದಿನ ಕೆಳಗಿನ ದ್ರವವನ್ನು ಹೀರಿ ಬದುಕುತ್ತದೆ, ನಾಲ್ಕೈದು ದಿನಕ್ಕೆ ರಕ್ತನಾಳ ಕೂಡಿಕೊಳ್ಳುತ್ತವೆ. ಆ ಐದು ದಿನದಲ್ಲಿ ಅದು ಹಾಳಾಗುವುದು ಮೂರು ಕಾರಣಕ್ಕೆ: ಅಡಿಯಲ್ಲಿ ರಕ್ತ ಹೆಪ್ಪುಗಟ್ಟುವುದು, ಸೋಂಕು, ಅಲುಗಾಟ. ‘ಕಟ್ಟು ಬಿಚ್ಚಿ ನೋಡಿ ಡಾಕ್ಟ್ರೇ’ ಎಂದು ಎರಡನೇ ದಿನವೇ ಒತ್ತಾಯಿಸಬೇಡಿ. ವಾಸನೆ, ಜ್ವರ, ಕೀವು ಇಲ್ಲದಿದ್ದರೆ ಮೊದಲ ಕಟ್ಟು ಐದನೇ ದಿನದ ಹೊತ್ತಿಗೆ ಬಿಚ್ಚಿದರೆ ಸಾಕು. ಬೆರಳುಗಳನ್ನು ನೆಟ್ಟಗಿಡಲು ತೆಳು ತಂತಿ ತೂರಿಸಿರುತ್ತಾರೆ, ಎರಡು ಮೂರು ವಾರಕ್ಕೆ ತೆಗೆಯುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ ಕಸಿ ಸರಿಯಾಗಿ ಹತ್ತುವುದಿಲ್ಲ, ಕೆಲವು ವಾರ ಮೊದಲೇ ಬಿಡಬೇಕು.

ಎಲುಬೋ ನರಗಟ್ಟೋ ತೆರೆದು ಕಂಡರೆ ಅದರ ಮೇಲೆ ಕಸಿ ಹತ್ತುವುದಿಲ್ಲ, ತನ್ನದೇ ರಕ್ತನಾಳವಿರುವ ದಪ್ಪ ಚರ್ಮದ ತುಂಡು, ಫ್ಲ್ಯಾಪ್ ಬೇಕು. ಕತ್ತಿಗೆ ಭುಜದ ಎಲುಬಿನ ಮೇಲಿನಿಂದ, ಕಂಕುಳಿಗೆ ಬೆನ್ನಿನಿಂದ ತಿರುಗಿಸಿ ತರುತ್ತಾರೆ. ಕೈಗೆ ತೊಡೆಸಂದಿಯಿಂದ ತರುವಾಗ ಕೈಯನ್ನು ಸುಮಾರು ಮೂರು ವಾರ ಹೊಟ್ಟೆಯ ಕೆಳಗೆ ಹೊಲಿದೇ ಇಟ್ಟು, ಆಮೇಲೆ ಬೇರ್ಪಡಿಸುತ್ತಾರೆ. ಫ್ಲ್ಯಾಪ್ ಕಸಿಯಷ್ಟು ಕುಗ್ಗುವುದಿಲ್ಲ. ಅದಕ್ಕೇ ಕತ್ತಿಗೆ ಫ್ಲ್ಯಾಪ್ ಆಗುವ ಹಾಗಿದ್ದರೆ ಅದನ್ನೇ ಆರಿಸುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ತಲೆಯಲ್ಲಿ ಕೂದಲು ಹೋದ ಕಲೆಗೆ, ಪಕ್ಕದ ಕೂದಲಿರುವ ಚರ್ಮದಡಿ ಸಿಲಿಕೋನ್ ಬಲೂನು ಇಟ್ಟು ವಾರಕ್ಕೊಮ್ಮೆ ಸಲೈನ್ ತುಂಬುತ್ತ ಎರಡು ಮೂರು ತಿಂಗಳು ಹಿಗ್ಗಿಸಿ, ಆ ಚರ್ಮವನ್ನು ಕಲೆಯ ಜಾಗಕ್ಕೆ ಎಳೆದುಕೊಳ್ಳುವ ವಿಧಾನವೂ ಇದೆ. ಗಾಯದ ಗಡಿ ದಾಟಿ ಬೆಳೆಯುವ ಕೀಲಾಯ್ಡ್ ಗಂಟಿನ ಸ್ವಭಾವವೇ ಬೇರೆ. ಅದನ್ನು ಬರೀ ಕೊಯ್ದು ತೆಗೆದರೆ ಇನ್ನೂ ದೊಡ್ಡದಾಗಿ ಬರುವುದೇ ಹೆಚ್ಚು. ನಾಲ್ಕರಿಂದ ಆರು ವಾರಕ್ಕೊಮ್ಮೆ ಗಂಟಿನೊಳಗೇ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಿಸುವುದು ಮೊದಲ ಹೆಜ್ಜೆ.

ಅರಿವಳಿಕೆಯ ಮಾತು ಕತ್ತಿನ ರೋಗಿಗಳಿಗೆ ಬಹಳ ಮುಖ್ಯ. ಗದ್ದ ಎದೆಗೆ ಅಂಟಿದವರಿಗೆ ಬಾಯಿಯ ಮೂಲಕ ಉಸಿರಿನ ಕೊಳವೆ ಹಾಕುವುದು ತುಂಬ ಕಷ್ಟ. ಅರಿವಳಿಕೆ ಕೊಟ್ಟ ಮೇಲೆ ಕೊಳವೆ ಹೋಗದಿದ್ದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಇದಕ್ಕೆ ದಾರಿಗಳಿವೆ: ಎಚ್ಚರವಿರುವಾಗಲೇ ಮೂಗಿನ ಮೂಲಕ ಕ್ಯಾಮೆರಾ ಕೊಳವೆಯ ಸಹಾಯದಿಂದ ಹಾಕುವುದು, ಇಲ್ಲವೇ ಕತ್ತಿಗೆ ಸ್ಥಳೀಯ ಮರಗಟ್ಟುವ ಮದ್ದು ತುಂಬಿ ಮೊದಲು ಬಿಗಿತವನ್ನಷ್ಟು ಕೊಯ್ದು, ತಲೆ ಹಿಂದಕ್ಕೆ ಬಂದ ಮೇಲೆ ಕೊಳವೆ ಹಾಕುವುದು. ಈ ಏರ್ಪಾಡು ಇರುವ ಕಡೆಯೇ ಕತ್ತಿನ ಆಪರೇಷನ್ ಮಾಡಿಸಬೇಕು. ಕತ್ತು ಸೆಟೆದ ಮಹಿಳೆ ಗರ್ಭಿಣಿಯಾದರೆ ಹೆರಿಗೆಯ ಆಸ್ಪತ್ರೆಗೆ ಇದನ್ನು ಮೊದಲೇ ತಿಳಿಸಿಡಬೇಕು.

ಹಳೆಯ ಮೊಣಕಾಲಿನ ಬಿಗಿತವನ್ನು ಒಂದೇ ದಿನ ಪೂರ್ತಿ ನೆಟ್ಟಗೆ ಮಾಡಲು ಹೋಗುವುದೂ ತಪ್ಪು. ವರ್ಷಗಟ್ಟಲೆ ಮಡಚಿದ ಕಾಲಿನಲ್ಲಿ ರಕ್ತನಾಳ, ನರಗಳೂ ಗಿಡ್ಡವಾಗಿರುತ್ತವೆ. ಹಟ ಹಿಡಿದು ಎಳೆದರೆ ಪಾದ ಬೆಳ್ಳಗಾಗುತ್ತದೆ, ನರ ಸಾಯುತ್ತದೆ. ಆದಷ್ಟು ಬಿಡಿಸಿ, ಉಳಿದದ್ದನ್ನು ವಾರ ವಾರ ಪ್ಲಾಸ್ಟರ್ ಬದಲಿಸುತ್ತ ನೇರ ಮಾಡಬೇಕು. ‘ಆಪರೇಷನ್ ಮಾಡಿಯೂ ಕಾಲು ಪೂರ್ತಿ ನೆಟ್ಟಗಾಗಲಿಲ್ಲ’ ಎಂದು ಆಸ್ಪತ್ರೆ ಬಿಟ್ಟು ಬರುವವರು ಈ ಎರಡನೇ ಅರ್ಧವನ್ನು ಕಳೆದುಕೊಳ್ಳುತ್ತಾರೆ.

ಆಪರೇಷನ್ ಆದ ಮೇಲೂ ಕಸಿ ಕನಿಷ್ಠ ಆರು ತಿಂಗಳು ಕುಗ್ಗಲು ನೋಡುತ್ತಿರುತ್ತದೆ. ಕತ್ತಿಗೆ ಕಸಿ ಹಾಕಿಸಿಕೊಂಡವರು ಆರು ತಿಂಗಳು ಕಾಲರ್ ಸ್ಪ್ಲಿಂಟ್ ಹಾಕದಿದ್ದರೆ ಆಪರೇಷನ್ ನೀರಲ್ಲಿ ಹೋಮ ಮಾಡಿದಂತೆ. ನಮ್ಮ ಜಿಲ್ಲೆಗಳಲ್ಲಿ ಅದು ತಪ್ಪುವುದು ಎಲ್ಲಿ ಎಂಬುದು ಗುಟ್ಟೇನಲ್ಲ. ತೊಗರಿ ರಾಶಿ ಬರುತ್ತದೆ, ಕಾಲರ್ ಗೂಟಕ್ಕೆ ಹೋಗುತ್ತದೆ. ಸುಗ್ಗಿ ಮುಗಿದರೆ ಕುಟುಂಬ ಬೆಂಗಳೂರಿಗೋ ಮುಂಬೈ, ಪುಣೆಗೋ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತದೆ, ಫಿಸಿಯೊಥೆರಪಿ ಅಲ್ಲಿಗೆ ನಿಲ್ಲುತ್ತದೆ. ಇದರಲ್ಲಿ ರೋಗಿಯನ್ನು ದೂರಿ ಫಲವಿಲ್ಲ. ಆಪರೇಷನ್ ದಿನವನ್ನೇ ಸುಗ್ಗಿಯ ಲೆಕ್ಕ ನೋಡಿ ಕೊಡಬೇಕು. ಹೋಗುವ ಊರಿನ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಡಬೇಕು.

ಮಕ್ಕಳ ವಿಷಯದಲ್ಲಿ ಮನೆಯವರನ್ನು ಮೊದಲೇ ಸಿದ್ಧಗೊಳಿಸುವುದು ನ್ಯಾಯ. ಎಲುಬು ಬೆಳೆಯುತ್ತದೆ, ಕಲೆ ಅದರ ಸಮಕ್ಕೆ ಬೆಳೆಯುವುದಿಲ್ಲ. ಮೂರು ವರ್ಷಕ್ಕೆ ಬಿಡಿಸಿದ ಬೆರಳು ಏಳು ವರ್ಷಕ್ಕೆ ಮತ್ತೆ ಮಡಚಬಹುದು. ಅದು ವೈದ್ಯರ ತಪ್ಪೂ ಅಲ್ಲ, ಮಗುವಿನ ಹಣೆಬರಹವೂ ಅಲ್ಲ, ಎರಡು ಮೂರು ಸಲ ಬಿಡಿಸಬೇಕಾಗುವುದು ಸಹಜ. ಹಾಗೆಂದು ಬಿಟ್ಟರೆ ಎಲುಬೇ ಸೊಟ್ಟಗೆ ಬೆಳೆಯುತ್ತದೆ, ಕೀಲು ಜಾರುತ್ತದೆ. ಚಿಕ್ಕಂದಿನಲ್ಲಿ ಎದೆ ಸುಟ್ಟ ಹೆಣ್ಣುಮಕ್ಕಳಲ್ಲಿ ಕಲೆಯ ಕೆಳಗಿನ ಸ್ತನ ಮೈನೆರೆಯುವ ವಯಸ್ಸಿಗೆ ಬೆಳೆಯಲು ಜಾಗ ಸಿಗದೆ ಚಪ್ಪಟೆಯಾಗಿ ಉಳಿಯುತ್ತದೆ. ಒಳಗಿನ ಗ್ರಂಥಿ ಉಳಿದಿದ್ದರೆ ಆ ಹೊತ್ತಿಗೆ ಸರಿಯಾಗಿ ಕಲೆ ಬಿಡಿಸಿ ಕಸಿ ಹಾಕಿದರೆ ಬೆಳೆಯುತ್ತದೆ. ಹನ್ನೊಂದು ಹನ್ನೆರಡು ವರ್ಷದ ಹುಡುಗಿ ಇದನ್ನು ತಾನಾಗಿ ಯಾರಿಗೂ ಹೇಳಲಾರಳು. ತಾಯಂದಿರು, ಆಶಾ ಕಾರ್ಯಕರ್ತೆಯರು ವಿಚಾರಿಸಬೇಕು.

ಮೂರ್ಛೆರೋಗ ಇರುವವರು ಒಲೆಯ ಮೇಲೆ ಬಿದ್ದಾಗ ಎಚ್ಚರವಿಲ್ಲದೆ ಬೆಂಕಿಯಲ್ಲೇ ಇರುವುದರಿಂದ ಸುಡುವ ಆಳ ಭಯಂಕರ. ಅವರ ಕೈಗೆ ಎಷ್ಟೇ ಒಳ್ಳೆ ಫ್ಲ್ಯಾಪ್ ಹಾಕಿದರೂ, ಮೂರ್ಛೆಯ ಮಾತ್ರೆ ನಿಂತರೆ ಮತ್ತೆ ಸುಟ್ಟುಕೊಂಡು ಬರುತ್ತಾರೆ. ಮಾತ್ರೆ ಬಿಡಬಾರದು, ಒಬ್ಬರೇ ನೆಲದ ಒಲೆಯ ಮುಂದೆ ಕೂರಬಾರದು.

ಇಷ್ಟೆಲ್ಲದರಲ್ಲಿ ಅತಿ ಕಡಿಮೆ ಜನಕ್ಕೆ ಗೊತ್ತಿರುವ ಅಪಾಯ ಕ್ಯಾನ್ಸರ್. ಕಸಿ ಮಾಡದೆ ತಾನೇ ಒಣಗಲು ಬಿಟ್ಟ ಹಳೆಯ ಕಲೆ, ಅದರಲ್ಲೂ ಮೊಣಕಾಲ ಹಿಂದೆ, ಕಣಕಾಲಿನಲ್ಲಿ, ತಲೆಯ ಮೇಲೆ ಪದೇ ಪದೇ ಬಿರಿದು ಹುಣ್ಣಾಗುವ ಕಲೆ ಸರಾಸರಿ ಮೂವತ್ತು ವರ್ಷದ ಹೊತ್ತಿಗೆ ಕ್ಯಾನ್ಸರ್‌ಗೆ ತಿರುಗಬಹುದು. 1828ರಲ್ಲಿ ಕಲೆಯ ಮೇಲಿನ ಇಂಥ ಹುಣ್ಣುಗಳನ್ನು ವಿವರಿಸಿದ ಫ್ರಾನ್ಸ್‌ನ ಶಸ್ತ್ರವೈದ್ಯನ ಹೆಸರಲ್ಲಿ ಇದನ್ನು ಮಾರ್ಜೋಲಿನ್ ಹುಣ್ಣು ಎನ್ನುತ್ತಾರೆ. ಸುಟ್ಟ ಕಲೆಗಳಲ್ಲಿ ನೂರಕ್ಕೆ ಒಂದೆರಡರಲ್ಲಿ ಕಾಣುವಂಥದ್ದು, ಆದರೆ ಸಾಮಾನ್ಯ ಚರ್ಮದ ಕ್ಯಾನ್ಸರ್‌ಗಿಂತ ಬೇಗ ಹರಡುತ್ತದೆ. ಚಿಕ್ಕಂದಿನಲ್ಲಿ ಸುಟ್ಟ ಕಾಲಿನಲ್ಲಿ ನಡುವಯಸ್ಸಿಗೆ ಹುಣ್ಣಾಗಿ, ಮೂರು ತಿಂಗಳಾದರೂ ಮಾಯದೆ, ಅಂಚು ದಪ್ಪಗೆ ಹೊರಕ್ಕೆ ಮಡಚಿ, ಮುಟ್ಟಿದರೆ ರಕ್ತ ಬಂದು, ಕೆಟ್ಟ ವಾಸನೆ ಹೊಡೆಯುತ್ತಿದ್ದರೆ ಅರಿಶಿನ, ಮುಲಾಮು ಎಂದು ದಿನ ತಳ್ಳಬೇಡಿ. ಹುಣ್ಣಿನ ಅಂಚಿನ ಮೂರು ನಾಲ್ಕು ಕಡೆಯಿಂದ ಚೂರು ತೆಗೆದು ಪರೀಕ್ಷಿಸಬೇಕು. ನಡುವಿನಿಂದ ಮಾತ್ರ ತೆಗೆದರೆ ಸತ್ತ ಮಾಂಸವಷ್ಟೇ ಬಂದು ವರದಿ ತಪ್ಪುತ್ತದೆ. ಬೇಗ ಸಿಕ್ಕರೆ ಸುತ್ತ ಎರಡು ಸೆಂಟಿಮೀಟರ್ ಒಳ್ಳೆ ಚರ್ಮ ಸೇರಿಸಿ ಕೊಯ್ದು ಕಸಿ ಹಾಕಿದರೆ ಕಾಲು ಉಳಿಯುತ್ತದೆ. ಎಲುಬಿಗೆ ಇಳಿದರೆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಇದೆ, ಬೆಂಗಳೂರಿನ ದೂರ ನೆನೆದು ಕೂರಬೇಕಿಲ್ಲ.

ಹಣದ ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆಯುಷ್ಮಾನ್ ಭಾರತ್‌ನ ಪ್ಯಾಕೇಜುಗಳಲ್ಲಿ ಸುಟ್ಟ ನಂತರದ ಕಾಂಟ್ರಾಕ್ಚರ್ ಶಸ್ತ್ರಚಿಕಿತ್ಸೆ ಪ್ರತ್ಯೇಕವಾಗಿಯೇ ಇದೆ, ಅದರಲ್ಲಿ ಸ್ಪ್ಲಿಂಟ್, ಒತ್ತಡದ ಉಡುಪು, ಸಿಲಿಕೋನ್ ಜೆಲ್, ಫಿಸಿಯೊಥೆರಪಿ ಸೇರಿವೆ. ಇವುಗಳಿಗೆ ಹೊರಗಿನ ಅಂಗಡಿಯ ಚೀಟಿ ಬರೆದುಕೊಟ್ಟರೆ, ಪ್ಯಾಕೇಜಿನಲ್ಲಿ ಇದೆಯಲ್ಲವೇ ಎಂದು ಆಸ್ಪತ್ರೆಯಲ್ಲಿರುವ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಬಿಡುಗಡೆಗೆ ಮೊದಲೇ ಕೇಳಿ. ಆ್ಯಸಿಡ್ ದಾಳಿಗೆ ಒಳಗಾದವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿಯೇ ಸೇರಿಸಿದೆ. ಬೆಂಕಿಯಿಂದ ಕೈಕಾಲು ಸೆಟೆದವರೂ ಚಲನಾ ಅಂಗವೈಕಲ್ಯದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಪ್ರತಿ ವಾರ ಒಂದು ಗೊತ್ತಾದ ದಿನ ‘ಸುಟ್ಟ ಕಲೆಯ ಹೊರರೋಗಿ ವಿಭಾಗ’ ನಡೆಯಬೇಕು, ಸರ್ಜನ್, ಫಿಸಿಯೊಥೆರಪಿಸ್ಟ್, ಸ್ಪ್ಲಿಂಟ್ ಮಾಡುವವರು ಒಂದೇ ಕೋಣೆಯಲ್ಲಿ ಕೂತು. ಸೇಡಂ, ಆಳಂದ, ಸುರಪುರ, ಔರಾದ್‌ನಿಂದ ಬಸ್ಸು ಹಿಡಿದು ಬರುವವರನ್ನು ಮೂರು ದಿನ ಮೂರು ಕಡೆ ಅಲೆಸಬಾರದು. ಒತ್ತಡದ ಉಡುಪನ್ನು ದೂರದ ನಗರದಿಂದ ತರಿಸುವಷ್ಟರಲ್ಲಿ ಕಲೆ ಉಬ್ಬಿರುತ್ತದೆ. ಅಳತೆ ತೆಗೆಯುವುದನ್ನು, ಹೊಲಿಯುವುದನ್ನು ಇಲ್ಲಿನ ಮಹಿಳಾ ಸ್ವಸಹಾಯ ಸಂಘದ ದರ್ಜಿಗಳಿಗೆ ಕಲಿಸಬಹುದು. ಬೇಕಾಗುವುದು ಸರಿಯಾದ ಹಿಗ್ಗುವ ಬಟ್ಟೆ, ಒಂದು ಝಿಗ್‌ಝಾಗ್ ಯಂತ್ರ, ಒತ್ತಡ ಅಳೆಯುವ ಒಂದು ಸಣ್ಣ ಉಪಕರಣ. ಸಂವಿಧಾನದ 371(ಜೆ) ವಿಧಿಯ ಅಡಿ ಬರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಇದು ಹೊರೆಯಾಗುವಂಥ ಖರ್ಚಲ್ಲ. ಬಿಡುಗಡೆ ಚೀಟಿಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಕಡ್ಡಾಯವಾಗಲಿ: ಯಾವ ಕೀಲು, ಯಾವ ಭಂಗಿ, ದಿನಕ್ಕೆ ಎಷ್ಟು ಗಂಟೆ ಸ್ಪ್ಲಿಂಟ್, ಮುಂದಿನ ಭೇಟಿಯ ತಾರೀಖು.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಬೆಂಕಿ ಅವಘಡದ ಸುದ್ದಿ ಹಾಕುವಾಗ ಕೆಳಗೆ ಚಿಕ್ಕ ಅಕ್ಷರದಲ್ಲಾದರೂ ಇಷ್ಟು ಸೇರಿಸಿ: ಸುಟ್ಟ ಕೂಡಲೇ 20 ನಿಮಿಷ ಹರಿಯುವ ತಣ್ಣೀರು ಹಿಡಿಯಿರಿ, ಮಂಜುಗಡ್ಡೆ, ಟೂತ್‌ಪೇಸ್ಟ್ ಬೇಡ. ಕತ್ತು ಸುಟ್ಟಿದ್ದರೆ ದಿಂಬು ತೆಗೆಯಿರಿ. ಬೆರಳುಗಳನ್ನು ಬೇರೆ ಬೇರೆ ಸುತ್ತಿ. ಮೂರು ವಾರದಲ್ಲಿ ಮಾಯದಿದ್ದರೆ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ.

– ಸುಟ್ಟಗಾಯದ ಶಸ್ತ್ರಚಿಕಿತ್ಸೆ ಮತ್ತು ಫಿಸಿಯೊಥೆರಪಿಯಲ್ಲಿ ತೊಡಗಿರುವವರು, ಕಲಬುರಗಿ